ಸಣ್ಣದರ ಬೆರಳು

ನಮ್ಮ ಶನಿವಾರದ ಕ್ಲಾಸಿಗೆ ಹೊಸಬರು ಬಂದರೆ ಮೊದಲು ನಗುತ್ತಾರೆ, ಆಮೇಲೆ ಕೂರುತ್ತಾರೆ. ನೋಟವೇ ಹಾಗಿರುತ್ತದೆ. ಮಕ್ಕಳ ಶಾಲೆಯ ಚಿತ್ರಕಲೆಯ ಕೋಣೆ, ಮೊಣಕಾಲು ಎದೆಗೆ ತಾಗುವಂಥ ಪುಟ್ಟ ಕುರ್ಚಿಗಳು, ಅವುಗಳ ಮೇಲೆ ತಲೆ ನರೆತ ಹತ್ತು ಹನ್ನೆರಡು ಜನ. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಮರದ ಕೊಳವೆ. ಜ್ವರ ನೋಡಿಸಿಕೊಳ್ಳಲು ಬಂದವರ ಹಾಗೆ ಸುಮ್ಮನೆ ಕೂತಿರುತ್ತೇವೆ. ಆ ಕೊಳವೆಗೆ ರೆಕಾರ್ಡರ್ ಅಂತ ಹೆಸರು. ಅಡ್ಡ ಹಿಡಿಯುವ ಕೊಳಲಲ್ಲ, ಪೀಪಿಯ ಹಾಗೆ ನೇರ ಹಿಡಿದು ಊದುವಂಥದ್ದು. ಮರ ತಣ್ಣಗಿದ್ದರೆ ಉಸಿರಿನ ಹಬೆ ಒಳಗೆ ನೀರಾಗಿ ನಿಂತು ಸ್ವರ ಗೊರಗೊರ ಅನ್ನುತ್ತದೆ, ಅದಕ್ಕೇ ಕಂಕುಳಲ್ಲಿ ಬೆಚ್ಚಗೆ ಮಾಡಿಕೊಳ್ಳುವುದು. ನೂರಾರು ವರ್ಷ ಹಳೆಯ ಸಂಗೀತ ನುಡಿಸುವವರು ನಾವು. ಹೊಟ್ಟೆಪಾಡಿಗಲ್ಲ, ಬರೀ ಚಪಲಕ್ಕೆ. ನಾನು ಕನ್ನಡಕದ ಅಂಗಡಿಯವನು. ಎಲ್ಲಕ್ಕಿಂತ ದೊಡ್ಡದನ್ನು ಊದುವುದು ನನ್ನ ಪಾಲು. ದೊಡ್ಡದಕ್ಕೆ ಸ್ವರ ಕಡಿಮೆ, ಬಿಡುವು ಹೆಚ್ಚು. ಹಾಗಾಗಿ ಅಕ್ಕಪಕ್ಕದವರನ್ನು ನೋಡಲು ನನಗೆ ಬೇಕಾದಷ್ಟು ಪುರುಸೊತ್ತು. ವರ್ಷಗಟ್ಟಲೆ ನನ್ನ ಪಕ್ಕದಲ್ಲಿ ಕೂತವಳು ತಂಗಿ.

ತಂಗಿ ಅಂದರೆ ನನ್ನ ತಂಗಿಯಲ್ಲ. ಅಕ್ಕ, ತಂಗಿ ಇಬ್ಬರೂ ಒಂದೇ ದಿನ ಕ್ಲಾಸಿಗೆ ಸೇರಿದರು, ಅಂದಿನಿಂದ ಎಲ್ಲರಿಗೂ ಒಬ್ಬರು ಅಕ್ಕ, ಇನ್ನೊಬ್ಬಳು ತಂಗಿ. ಅಕ್ಕನಿಗೆ 'ಅವರು', ತಂಗಿಗೆ 'ಅವಳು'. ಯಾರೂ ಠರಾವು ಮಾಡಿದ್ದಲ್ಲ, ಅಕ್ಕನ ಮುಖ ನೋಡಿದರೆ ತಾನಾಗಿ ಹಾಗೆ ಬರುತ್ತಿತ್ತು. ಅವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಸಾಲು ತಪ್ಪಿ ನಿಂತವರನ್ನು ಕಣ್ಣಲ್ಲೇ ಹಿಂದಕ್ಕೆ ಕಳಿಸಿದ ಅಭ್ಯಾಸ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಕ್ಲಾಸಿನಲ್ಲೂ ತಾಳ ತಪ್ಪಿದವರ ಕಡೆ ಅದೇ ಕಣ್ಣು. ನನ್ನ ಕಡೆಗಂತೂ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು. ಅವಳನ್ನು ಸಾಕಿದ್ದು, ಜಡೆ ಹೆಣೆದದ್ದು, ಎರಡೇಟು ಕೊಟ್ಟದ್ದು, ಅಡುಗೆಮನೆಯ ಕಟ್ಟೆ ಮೇಲೆ ಕೂರಿಸಿ ಪ್ಲಾಸ್ಟಿಕ್ಕಿನ ಸಣ್ಣ ರೆಕಾರ್ಡರ್ ಕಲಿಸಿದ್ದು ಎಲ್ಲ ಅಕ್ಕನೇ. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ.

ತಂಗಿಗೆ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಡಾಕ್ಟರು ತೆಗೆದು ಕಳಿಸಿದ ಅಚ್ಚಿನ ಮೇಲೆ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕಚ್ಚುತ್ತದೆಯೇ ಎಂದು ನೋಡಿ ಉಜ್ಜುವುದು. ಊರಿನ ಅರ್ಧ ಬಾಯಿ ಅವಳಿಗೆ ಗೊತ್ತು, ಮುಖ ಮಾತ್ರ ಒಂದೂ ಗೊತ್ತಿಲ್ಲ. "ತಂಗಿ ಎದುರು ಆಕಳಿಸಬೇಡ್ರಪ್ಪ, ಅಳತೆ ತಗೊಂಡುಬಿಟ್ಟಾಳು" ಎಂದು ನಾವು ರೇಗಿಸಿದರೆ ತುಟಿಯ ಒಂದು ಮೂಲೆ ಎತ್ತುತ್ತಿದ್ದಳು. ಅವಳ ನಗು ಅಷ್ಟೇ.

ಅಕ್ಕನಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದ ವಾರ ಅವಳು ಬಂದು ಅದನ್ನು ನನಗೆ ಹೇಳಿದ ರೀತಿ ಇನ್ನೂ ನೆನಪಿದೆ. ಬಸ್ಸು ಎಷ್ಟಕ್ಕೆ ಅಂದ ಹಾಗೆ. "ವಾಸಿಯಾಗಲ್ವಂತೆ ಅಣ್ಣ. ಹೆಚ್ಚಾಗ್ತಾ ಹೋಗುತ್ತಂತೆ" ಎಂದವಳೇ ಹಾಳೆ ಇಡುವ ಸ್ಟ್ಯಾಂಡಿನ ತಿರುಪು ಬಿಗಿ ಮಾಡತೊಡಗಿದಳು. ನನಗೆ ಸಿಟ್ಟು ಬಂತು. ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವರು, ಎರಡು ಹನಿ ಕಣ್ಣೀರು ಬೇಡವೇ?

"ಏನೂ ಅನ್ನಿಸ್ತಿಲ್ವಾ ನಿಂಗೆ?" ಎಂದು ಕೇಳಿಯೇಬಿಟ್ಟೆ.

"ಇಲ್ಲ" ಎಂದಳು. "ಹಲ್ಲು ಕೀಳೋ ಮುಂಚೆ ಸೂಜಿ ಹಾಕ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿ ನೋಡ್ಕೊಂಡ್ರೆ ಹೇಗಿರುತ್ತೆ? ಕೆನ್ನೆ ನಂದೇ ಅಂತ ಗೊತ್ತು. ಅಷ್ಟೇ."

ಇಲ್ಲಿ ನಮ್ಮ ವಾದ್ಯದ ಒಂದು ತಕರಾರು ಹೇಳದೆ ಮುಂದೆ ಹೋಗಲಾಗದು. ರೆಕಾರ್ಡರಿನಲ್ಲಿ ಹಲವು ಗಾತ್ರ. ಎಲ್ಲರೂ ಮೊದಲು ಕಲಿಯುವುದು ಸಣ್ಣದನ್ನು. ಅದರ ತೂತುಗಳನ್ನೆಲ್ಲ ಮುಚ್ಚಿ ಊದಿದರೆ ಸಿ ಎಂಬ ಸ್ವರ. ಅದಕ್ಕಿಂತ ಒಂದು ಗಾತ್ರ ದೊಡ್ಡದನ್ನು ನಾವು ನಡುವಿನದು ಅನ್ನುತ್ತೇವೆ. ಅದನ್ನು ಹಾಗೆಯೇ ಮುಚ್ಚಿ ಊದಿದರೆ ಎಫ್. ಬೆರಳು ಅವೇ, ತೂತು ಅವೇ, ಬರುವ ಸ್ವರ ಬೇರೆ. ಹಾಳೆಯಲ್ಲಿ ಬರೆದದ್ದನ್ನು ಓದುವಾಗ ಕೈಯಲ್ಲಿ ಯಾವುದಿದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಬೆರಳು ಹಾಕಬೇಕು. ಸಣ್ಣದರಿಂದ ನಡುವಿನದಕ್ಕೆ ಬಡ್ತಿ ಪಡೆದ ಯಾರೇ ಆಗಲಿ, ಒಂದಲ್ಲ ಒಂದು ದಿನ ಮೈಮರೆತು ಸಣ್ಣದರ ಬೆರಳು ಹಾಕುತ್ತಾರೆ. ಆಗ ಅವರ ಪಾಲಿನ ರಾಗ ಇಡಿಯಾಗಿ ಮೂರು ಮೆಟ್ಟಿಲು ಮೇಲೆ ಹೋಗಿ ಕೂತು, ಮಿಕ್ಕವರ ಜೊತೆ ಜಗಳಕ್ಕೆ ನಿಲ್ಲುತ್ತದೆ. ಎಲ್ಲರೂ ನಗುತ್ತಾರೆ, ತಪ್ಪಿದವರೂ ನಗುತ್ತಾರೆ, ಮೊದಲಿಂದ ಶುರು ಮಾಡುತ್ತೇವೆ.

ಅಕ್ಕ ಎಷ್ಟೋ ಕಾಲದಿಂದ ನಡುವಿನದನ್ನೇ ಊದುತ್ತಿದ್ದವರು, ಒಮ್ಮೆಯೂ ತಪ್ಪದವರು. ಒಂದು ಶನಿವಾರ ಅವರಿಗೆ ಸಣ್ಣದರ ಬೆರಳು ಬಂತು. ನಕ್ಕೆವು. ಮುಂದಿನ ವಾರವೂ ಬಂತು. ಸ್ವಲ್ಪ ನಕ್ಕೆವು. ಅದರ ಮುಂದಿನ ವಾರ ಯಾರೂ ನಗಲಿಲ್ಲ, ಅಕ್ಕನೇ ವಾದ್ಯ ಕೆಳಗಿಳಿಸಿ, "ನೀವೆಲ್ಲ ಏನು ಊದ್ತಾ ಇದ್ದೀರಿ? ಮನೇಲಿ ಅಭ್ಯಾಸ ಮಾಡೋದೇ ಇಲ್ವಾ?" ಎಂದು ಗದರಿದರು. ನಮಗೆ ಕಲಿಸುವ ಮೇಷ್ಟ್ರು ಮೆತ್ತಗೆ, "ಕೆಲವು ದಿನ ಸಣ್ಣದನ್ನೇ ಊದಿ ನೋಡೋಣ್ವಾ ಅಕ್ಕ?" ಎಂದರು.

"ಯಾಕೆ, ನನ್ನನ್ನ ಮತ್ತೆ ಒಂದನೇ ಕ್ಲಾಸಿಗೆ ಕಳಿಸ್ತೀರಾ?"

ಮೇಷ್ಟ್ರು ಹಾಳೆಯನ್ನು ಮತ್ತೆ ಮೊದಲ ಪುಟಕ್ಕೆ ತಿರುವಿದರು. ಆದರೆ ವರ್ಷದ ಶಿಬಿರ ಹತ್ತಿರ ಬರುತ್ತಿತ್ತು. ನಾಲ್ಕಾರು ಊರಿನ ನಮ್ಮಂಥ ಚಪಲದವರು ಒಂದೆಡೆ ಸೇರಿ, ಹೊರಗಿನಿಂದ ಬಂದ ಗುರುಗಳ ಮುಂದೆ ಇಡೀ ದಿನ ನುಡಿಸುವುದು. ಮೇಷ್ಟ್ರು ತಂಗಿಯನ್ನು ಬಾಗಿಲ ಹತ್ತಿರ ಕರೆದು, ಅಕ್ಕ ಈ ಸಲ ಕೇಳುವವರ ಜೊತೆ ಕೂರಲಿ ಎಂದರು. ತಂಗಿ ಒಂದು ವಾರ ಟೈಮ್ ಕೇಳಿದಳು. ಮನೆಯಲ್ಲಿ ಅಕ್ಕ ಈಗ ಒಲೆ ಆರಿಸುವುದನ್ನು ಮರೆಯುತ್ತಿದ್ದರು, ಚಪ್ಪಲಿ ಅದಲುಬದಲು ಹಾಕುತ್ತಿದ್ದರು. ಆದರೆ ಶನಿವಾರ ಮಾತ್ರ ತಾವೇ ಎದ್ದು, ಇಸ್ತ್ರಿಯ ಬಟ್ಟೆ ಹಾಕಿಕೊಂಡು, ವಾದ್ಯದ ಚೀಲ ತೊಡೆ ಮೇಲಿಟ್ಟು ಹೊರಡುವ ಹೊತ್ತಿಗೆ ಕಾಯುತ್ತಿದ್ದರು. "ಅದೊಂದನ್ನ ಕಿತ್ಕೊಂಡ್ರೆ ಅವರ ಹತ್ರ ಇನ್ನೇನೂ ಉಳಿಯಲ್ಲ ಅಣ್ಣ. ನಾನಂತೂ ಆ ಕುರ್ಚಿಯಿಂದ ಎಬ್ಬಿಸಲ್ಲ. ಎಬ್ಬಿಸೋಕೆ ಹೊರಟಿದ್ರು ಅಂತ ಅವರಿಗೆ ಗೊತ್ತಾಗೋಕೂ ಬಿಡಲ್ಲ" ಎಂದು ತಂಗಿ ನನಗೆ ಹೇಳಿದಳು. ದನಿಯಲ್ಲಿ ಏರಿಳಿತವೇ ಇಲ್ಲ.

ಒಂದು ವಾರ ಕಳೆದು ಅವಳು ಕೈಯಲ್ಲಿ ಬರೆದ ಹಾಳೆಗಳನ್ನು ತಂದಳು. ಅವಳು ಕಂಡುಕೊಂಡದ್ದು ಇಷ್ಟು: ಅಕ್ಕ ತಪ್ಪುತ್ತಿದ್ದುದು ಅಡ್ಡಾದಿಡ್ಡಿಯಾಗಿ ಅಲ್ಲ. ಬೆರಳುಗಳು ಹಿಂದಕ್ಕೆ ನಡೆದು ಅಡುಗೆಮನೆಯ ಆ ಸಣ್ಣ ರೆಕಾರ್ಡರಿನ ಹತ್ತಿರ ಹೋಗಿ ನಿಂತಿವೆ, ಅಲ್ಲಿ ಒಂದೂ ತಪ್ಪಿಲ್ಲ. ಹಾಗಾದರೆ ಬೆರಳನ್ನು ತಿದ್ದುವುದೇಕೆ, ಹಾಳೆಯನ್ನೇ ತಿದ್ದಿದರಾಯಿತು. ಅಕ್ಕನ ಪಾಲನ್ನೆಲ್ಲ ಅದೇ ಮೂರು ಮೆಟ್ಟಿಲು ಕೆಳಗಿಳಿಸಿ ಬರೆದಳು. ಅದನ್ನು ನೋಡಿ ಅಕ್ಕ ಸಣ್ಣದರ ಬೆರಳು ಹಾಕಿದರೆ ನಡುವಿನದರಲ್ಲಿ ಬೇಕಾದ ಸ್ವರವೇ ಬರುತ್ತದೆ. ಕಚ್ಚದ ಹಲ್ಲನ್ನು ಕಚ್ಚುವ ಹಾಗೆ ಉಜ್ಜುವವಳಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಮುದ್ರಿತ ಹಾಳೆ ಏಕಿಲ್ಲ ಎಂದು ಅಕ್ಕ ಕೇಳದಿರುತ್ತಾರೆಯೇ? "ಅದರ ಅಕ್ಷರ ಸಣ್ಣದು, ನಿಮ್ಮ ಕಣ್ಣಿಗೆ ಆಯಾಸ" ಎಂದು ತಂಗಿ ನನ್ನ ಕಡೆ ನೋಡಿದಳು. ಅಕ್ಕನ ಕಣ್ಣು ಗಿಡುಗನ ಕಣ್ಣು, ಪರೀಕ್ಷೆ ಮಾಡಿದವನು ನಾನೇ. "ಹೌದಕ್ಕ, ಪವರ್ ಸ್ವಲ್ಪ ಏರಿದೆ" ಎಂದು ಸುಳ್ಳು ಸಾಕ್ಷಿ ಹೇಳಿದೆ. ನುಡಿಸಿದೆವು. ಅಕ್ಕನ ಸ್ವರ ಬಂದು ನಮ್ಮ ನಡುವೆ ತನ್ನ ಜಾಗದಲ್ಲಿ ಕೂತಿತು. ಮೇಷ್ಟ್ರು ಮೂಗು ಒರೆಸಿಕೊಂಡರು. ತಂಗಿ ಪುಟ ತಿರುಗಿಸಿ, ಮುಂದಿನದು ಯಾವುದು ಎಂದು ಕೇಳಿದಳು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ.

ಅಲ್ಲಿಂದ ಪ್ರತಿ ಶುಕ್ರವಾರ ಸಂಜೆ ಲ್ಯಾಬಿನಿಂದ ಬಂದು ಬರೆಯುವುದು, ಶನಿವಾರ ಸ್ಟ್ಯಾಂಡಿನ ಮೇಲಿಡುವುದು. ಹೀಗೇ ಶಿಬಿರದ ದಿನ ಬಂತು.

ಗ್ರಂಥಾಲಯದ ಮಹಡಿಯ ದೊಡ್ಡ ಕೋಣೆ. ಪಾಠ ಹೇಳಲು ಬಂದ ಮೇಡಂ ಚಿಕ್ಕ ವಯಸ್ಸಿನವರು, ಚುರುಕು. ಬೆಳಗಿನ ಹೊತ್ತು ಎಲ್ಲ ಸುಸೂತ್ರ. ಊಟ ಮುಗಿಸಿ ಬಂದು ಕೂತಾಗ ಅಕ್ಕ ನನ್ನ ಕಡೆ ತಿರುಗಿ, "ಏನ್ರೀ, ಅಂಗಡಿ ಬಾಗಿಲು ಹಾಕಿ ಬಂದ್ರಾ, ಇಲ್ಲ ಪಾಪ ಹೆಂಡ್ತಿ ತಲೆಗೆ ಕಟ್ಟಿ ಬಂದ್ರಾ?" ಎಂದರು. ಎಷ್ಟೋ ತಿಂಗಳಾಗಿತ್ತು ಅವರು ನನ್ನನ್ನು ಗುರುತು ಹಿಡಿದು ಹಂಗಿಸಿ. ಕಣ್ಣಲ್ಲಿ ಹಳೆಯ ಕೌಂಟರಿನ ನೋಟ. "ಪುಟ್ಟೀ, ನಿನ್ನ ಕಾಲರ್ ಮಡಚಿಕೊಂಡಿದೆ" ಎಂದು ತಂಗಿಯ ಕಾಲರು ಸರಿ ಮಾಡಿದರು. ನನಗೆ ಹಿಗ್ಗೋ ಹಿಗ್ಗು. ತಂಗಿಯ ಮುಖ ನೋಡಿದರೆ ಬಿಳಚಿಕೊಂಡಿತ್ತು. ಅವಳು ಸ್ಟ್ಯಾಂಡಿನ ಮೇಲಿದ್ದ ಹಾಳೆ ನೋಡುತ್ತಿದ್ದಳು. ಅಕ್ಕ ವಾಪಸ್ಸು ಬಂದಿದ್ದರೆ ನಡುವಿನದರ ಬೆರಳೂ ವಾಪಸ್ಸು ಬಂದಿರುತ್ತದೆಯಲ್ಲ! ನನಗೆ ಅದು ಹೊಳೆಯುವಷ್ಟರಲ್ಲಿ ಮೇಡಂ ಕೈ ಎತ್ತಿ ಆಗಿತ್ತು.

ಎರಡು ಸಾಲು ಕೂಡ ದಾಟಲಿಲ್ಲ. ಅಕ್ಕನೇ ನಿಲ್ಲಿಸಿ, ಹಾಳೆಯ ಮೇಲೆ ಬೆರಳಿಟ್ಟರು. "ಇದರಲ್ಲಿ ಇಷ್ಟು ಕೆಳಗೆ ಸ್ವರವೇ ಇಲ್ಲ. ಯಾರು ಬರೆದಿದ್ದು ಇದನ್ನ?"

ಬೇರೆ ಊರಿನವರೆಲ್ಲ ತಿರುಗಿ ನೋಡಿದರು. ನಮ್ಮವರು ಒಬ್ಬರೂ ತಲೆ ಎತ್ತಲಿಲ್ಲ.

"ನಾನೇ ಅಕ್ಕ" ಎಂದಳು ತಂಗಿ. "ತಪ್ಪಾಗಿದೆ."

"ತಪ್ಪಾ? ಇಡೀ ಪುಟ ತಪ್ಪು ಬರೆದಿದ್ದೀಯ! ನೋಡ್ಕೊಂಡು ಬರೆಯೋಕೂ ಬರಲ್ವಾ? ನಾನು ಕಲಿಸಿದ್ದು ಇದೇನಾ? ಇಷ್ಟು ಜನರ ಮುಂದೆ ಮಾನ ತೆಗೆದೆಯಲ್ಲೇ!"

"ತಪ್ಪಾಯ್ತು ಅಕ್ಕ" ಎಂದು ಚೀಲದಿಂದ ಮುದ್ರಿತ ಹಾಳೆ ತೆಗೆದಿಟ್ಟಳು. ಯಾವ ತಪ್ಪೂ ಮಾಡದವಳು ಅಷ್ಟು ಜನರ ಮುಂದೆ ಬೈಸಿಕೊಂಡು ಕೂತಳು. ಆದರೆ ಅಕ್ಕ ಊದಿದ್ದು ಕೇಳಬೇಕಿತ್ತು. ಒಂದು ಸ್ವರ ಅಲುಗಲಿಲ್ಲ. ಮೇಡಂ ಕೈ ಇಳಿಸಿ, ಎಲ್ಲರೂ ನಡುವಿನವರನ್ನು ಕೇಳಿಸಿಕೊಂಡು ನುಡಿಸಿ ಎಂದರು. ಟೀ ಹೊತ್ತಿನಲ್ಲಿ ನಾನು ತಂಗಿಯ ಹತ್ತಿರ ಹೋಗಿ, "ಖುಷಿ ಆಗ್ಲಿಲ್ವೇನಮ್ಮ?" ಎಂದೆ. "ಆಗ್ಬೇಕಿತ್ತು ಅಲ್ವಾ" ಎಂದು ಖಾಲಿ ಲೋಟ ಹಿಡಿದುಕೊಂಡೇ ನಿಂತಿದ್ದಳು.

ಕೊನೆಯ ಪಾಠಕ್ಕೆ ಕೂತೆವು. ಒಬ್ಬರು ಎತ್ತಿದ ರಾಗವನ್ನು ಇನ್ನೊಬ್ಬರು ಸ್ವಲ್ಪ ತಡೆದು ಹಿಂದಿನಿಂದ ಹಿಡಿಯುವಂಥ ರಚನೆ. ಮೊದಲು ಅಕ್ಕ, ಅವರ ಹಿಂದೆ ತಂಗಿ, ಕೊನೆಗೆ ನಾನು. ತಂಗಿ ಮುದ್ರಿತ ಹಾಳೆಯನ್ನೇ ಇಟ್ಟಳು. ಅಕ್ಕ ಶುರು ಮಾಡಿದರು. ಚೆನ್ನಾಗಿ ಹೋಗುತ್ತಿತ್ತು. ಇದ್ದಕ್ಕಿದ್ದ ಹಾಗೆ ರಾಗ ಜಾರಿ ಮೇಲೆ ಹತ್ತಿತು, ಅಕ್ಕ ನಿಲ್ಲಿಸಿದರು. ಈ ಸಲ ಯಾರನ್ನೂ ಗದರಲಿಲ್ಲ. ವಾದ್ಯವನ್ನು ತೊಡೆ ಮೇಲಿಟ್ಟು ತಮ್ಮ ಬೆರಳುಗಳನ್ನು ನೋಡಿಕೊಂಡರು. ಮೇಡಂ ಏನೋ ಹೇಳಲು ಬಾಯಿ ತೆರೆದರು, ನಮ್ಮ ಮೇಷ್ಟ್ರು ಬೇಡ ಎಂದು ತಲೆಯಾಡಿಸಿದರು.

"ಪುಟ್ಟೀ" ಎಂದರು ಅಕ್ಕ. ದನಿ ಸಣ್ಣಗಿತ್ತು. "ಆ ತಪ್ಪು ಬರೆದಿದ್ದೀಯಲ್ಲ, ಅದನ್ನೇ ಕೊಡು."

ತಂಗಿ ಕೊಟ್ಟಳು. ಅಕ್ಕ ಅದನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ನೋಡಿದರು.

"ಎಲ್ಲಾದಕ್ಕೂ ಬರೆದಿದ್ದೀಯಾ?"

"ಹೂಂ ಅಕ್ಕ."

"ಅಕ್ಷರ ಪರವಾಗಿಲ್ಲ" ಎಂದು ಹಾಳೆಯನ್ನು ಸ್ಟ್ಯಾಂಡಿನ ಮೇಲೆ ನೇರ ಮಾಡಿ, ಮೇಡಂ ಕಡೆ ತಲೆಯಾಡಿಸಿ ಶುರು ಮಾಡಿದರು. ಸ್ವರಗಳು ಒಂದೊಂದಾಗಿ ಸರಿಯಾದ ಜಾಗಕ್ಕೆ ಬಂದವು. ತಂಗಿ ಹಿಡಿಯಬೇಕಾದ ಹೊತ್ತು ಬಂತು, ಹಿಡಿಯಲಿಲ್ಲ. ಕೊಳವೆ ಬಾಯಲ್ಲಿತ್ತು, ಬೆರಳು ತೂತಿನ ಮೇಲಿತ್ತು, ಸ್ವರ ಬರಲಿಲ್ಲ. ನೋಡಿದರೆ ಅಳುತ್ತಿದ್ದಳು. ದನಿಯಿಲ್ಲದ ಅಳುವಲ್ಲ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ. ಅಳುವವರಿಗೆ ಊದಲು ಉಸಿರು ಎಲ್ಲಿಂದ ಬರಬೇಕು? ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದೆವು. ನಾನೂ ನನ್ನ ದೊಡ್ಡದನ್ನು ಕೆಳಗಿಳಿಸಿದೆ.

ಅಕ್ಕ ಒಂದು ಕೈಯನ್ನು ತಂಗಿಯ ಬೆನ್ನ ಮೇಲಿಟ್ಟು ಮೇಡಂ ಕಡೆ ನೋಡಿದರು.

"ಮೊದಲಿಂದ ತಗೊಳ್ಳೋಣ ಮೇಡಂ" ಎಂದರು. "ನಮ್ಮ ಹುಡುಗಿ ಇನ್ನೂ ಚಿಕ್ಕವಳು, ತಪ್ಪುತ್ತೆ. ನಾನು ಪಕ್ಕದಲ್ಲೇ ಇರ್ತೀನಿ."