ಅಲುಗದ ಎಡಗೈ

ಶರಣ ಬಂಧುಗಳೇ, ನಾನು ತಮಿಳು ಸೀಮೆಯ ತಾಂಬರಂನಲ್ಲಿ ಸೀರೆ ಅಂಗಡಿ ನಡೆಸುವವಳು, ತವರು ಹುಬ್ಬಳ್ಳಿ ಕಡೆ. ಕಳೆದ ಶ್ರಾವಣದಲ್ಲಿ ನನ್ನ ಎಡಗೈಯ ನಡುಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತು. ದೀಪಾವಳಿ ಹೊತ್ತಿಗೆ ಅದು ನೆಲ್ಲಿಕಾಯಿಯಷ್ಟಾಯಿತು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸುವ ನಮಗೆ ಆ ಕೈ ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ.

ಎಕ್ಸ್‌ರೇಯಲ್ಲಿ ಎಲುಬಿನ ಮೇಲೆ ಏನೋ ಬೆಳೆದದ್ದು ಕಂಡಿತು. ಎಂಆರ್‌ಐ ಬರೆದುಕೊಟ್ಟರು. ಮೈಮೇಲೆ ಲೋಹ ಇರಬಾರದು ಎಂದಾಗ ಬಳೆ, ತಾಳಿಯ ಜೊತೆ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನೂ ಬಿಚ್ಚಿ ಯಜಮಾನರ ಕೈಗೆ ಕೊಟ್ಟುಬಿಟ್ಟೆ. ದೀಕ್ಷೆಯಾದಂದಿನಿಂದ ಲಿಂಗ ನನ್ನ ಮೈ ಬಿಟ್ಟದ್ದು ಅದೇ ಮೊದಲು. ಯಂತ್ರದೊಳಗೆ ಕೈ ಗಡಗಡ ನಡುಗಿತು, ಚಿತ್ರ ಕಲಸಿಹೋಯಿತು. ಅದನ್ನೇ ನೋಡಿದ ಡಾಕ್ಟರು, "ಮಜ್ಜೆಗೆ ಇಳಿದಂತಿದೆ, ಕ್ಯಾನ್ಸರ್ ಇರಬಹುದು. ಬೆರಳನ್ನು ಅಂಗೈ ಸಮೇತ ತೆಗೆಯಬೇಕಾದೀತು" ಎಂದರು. ಲೋಕಲ್ ರೈಲಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ.

ಮರುದಿನ ಪೂಜೆಯಲ್ಲಿ ಶಿವನನ್ನು ಚೆನ್ನಾಗಿ ಬೈದೆ. "ಇದು ನೀ ಕೂಡೋ ಜಾಗ. ಬ್ಯಾಡಾದ್ರ ಮೊದಲ ಹೇಳಬೇಕಿತ್ತು!"

ಯಜಮಾನರು ಎಲುಬಿನ ಗಡ್ಡೆಗಳನ್ನೇ ನೋಡುವ ಬೇರೆ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಆ ತಾಯಿ ಹಳೆಯ ಚಿತ್ರ ನೋಡಿ, ಇದರಲ್ಲಿ ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದು ಸಿ.ಟಿ.ಯನ್ನೂ ಎಂಆರ್‌ಐಯನ್ನೂ ಮತ್ತೆ ಮಾಡಿಸಿದರು. ಈ ಸಲ ಕರಡಿಗೆ ಬಿಚ್ಚಲು ಹೇಳಿದ ಸ್ಕ್ಯಾನ್ ಹುಡುಗಿಗೆ ನಾನು, "ಡಬ್ಬಾ ಕೊಡ್ತೀನಿ. ಉಳ್ಳೆ ಇರೋ ಸಾಮಿ ಕಲ್ಲುದಾನ್ ಮಾ, ಮೆಟಲ್ ಇಲ್ಲೆ" ಎಂದು ಹರಕು ತಮಿಳಿನಲ್ಲಿ ಪಟ್ಟು ಹಿಡಿದೆ, ಒಳಗಿನ ಸ್ವಾಮಿ ಬರೀ ಕಲ್ಲು, ಲೋಹವಲ್ಲ ಅಂತ.

"ಶಿವನ ಕೂಡ ಜಗಳಾ ಆತು, ಇನ್ನ ಈಕಿ ಕೂಡ ಸುರು ಮಾಡಬ್ಯಾಡ" ಎಂದರು ಯಜಮಾನರು.

ಹುಡುಗಿ ಒಳಗೆ ಹೋಗಿ ಡಾಕ್ಟರನ್ನು ಕೇಳಿಬಂದಳು, ಅಯಸ್ಕಾಂತ ಹಿಡಿದು ಪರೀಕ್ಷಿಸಿದಳು, ಒಪ್ಪಿದಳು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆ. ಬೋರಲು ಮಲಗಿಸಿ ಎಡಗೈಯನ್ನು ತಲೆಯ ಮುಂದಕ್ಕೆ ಚಾಚಿಸಿದರು. ಯಂತ್ರ ಧಡಧಡ ಎನ್ನುತ್ತಿತ್ತು, ಲಿಂಗ ಎದೆಗೆ ಒತ್ತುತ್ತಿತ್ತು. ಕಣ್ಣು ಮುಚ್ಚಿ, ಅಂಗೈ ಮೇಲೆ ಅವನೇ ಕೂತಿದ್ದಾನೆ ಎಂದುಕೊಂಡೆ. ಪೂಜೆಗೆ ಕೂತರೆ ಎಂದೂ ಅಲುಗದ ಕೈ ಅಲ್ಲಿಯೂ ಅಲುಗಲಿಲ್ಲ.

ಸಂಜೆ ಡಾಕ್ಟರು ಕರೆದು ಚಿತ್ರ ತೋರಿಸಿದರು. "ಎಷ್ಟು ಕ್ಲಿಯರಾ ವಂದಿರುಕ್ಕು ಪಾರುಂಗ! ಬೋನ್ ಮೇಲೇದಾನ್, ಉಳ್ಳೆ ಪೋಗಲೆ." ಎಲುಬಿನ ಮೇಲಷ್ಟೇ ಇದೆ, ಒಳಗೆ ಹೋಗಿಲ್ಲ! ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಅಂಟಿತ್ತು. ಎಲುಬಿನ ಗೋಡೆ ಗಟ್ಟಿಯಾಗಿತ್ತು, ಒಳಗಿನ ಮಜ್ಜೆ ಶುಭ್ರವಾಗಿತ್ತು. ಎಲುಬಿನ ಮೇಲ್ಮೈಯಲ್ಲಿ ಅಪರೂಪಕ್ಕೆ ಹುಟ್ಟುವ ಗಡ್ಡೆಯಂತೆ, ಅದರ ಹೆಸರಿಗೆ ನನ್ನ ನಾಲಿಗೆ ಹೊರಳದು. ಗಂಟನ್ನಷ್ಟೇ ಕೆತ್ತಿ ತೆಗೆದರು, ಬೆರಳು ಉಳಿಯಿತು. ತೆಗೆದ ತುಣುಕಿನ ಪರೀಕ್ಷೆಯಲ್ಲೂ ಕ್ಯಾನ್ಸರ್ ಅಲ್ಲವೆಂದೇ ಬಂತು. ಮತ್ತೆ ಬೆಳೆಯಬಹುದು, ಆಗಾಗ ಎಕ್ಸ್‌ರೇ ತೆಗೆಸಬೇಕು ಎಂದಿದ್ದಾರೆ. ತೆಗೆಸುತ್ತೇನೆ.

ಯಂತ್ರ ನೋಡಿತು, ಡಾಕ್ಟರು ತಿಳಿದು ಹೇಳಿದರು, ನನ್ನ ಕೈಯನ್ನು ಹಿಡಿದವನು ಅವನು. ಇದರಲ್ಲಿ ನನಗೆ ಸಂಶಯವಿಲ್ಲ. ಬೈಸಿಕೊಂಡೂ ಕೈಬಿಡದ ಅವನಿಗೆ, ಇದನ್ನು ಓದುವ ನಿಮಗೆ ನನ್ನ ಶರಣು.

ಆ ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಲಿಂಗ ಇಡಲು ಅಂಗೈ ಬಿಚ್ಚಿದ್ದರೆ ಸಾಕಲ್ಲ.