ಬಿದ್ದವನು ಏಳುವ ರೀತಿ

ಫುಟ್‌ಬಾಲ್ ಆಡುವ ಕಾಲದಲ್ಲಿ ಎದುರಾಳಿಗಳ ಪಕ್ಕೆಲುಬು ಮುರಿದು ಅವನು ಸಂಪಾದಿಸಿದ ಹೆಸರು ‘ಮೊಣಕೈ’. ತಂಡದ ಮ್ಯಾನೇಜರ್ ಆದ ಮೇಲೂ ಅದು ಬಿಡಲಿಲ್ಲ. ಮರದ ಮಿಲ್ಲಿನ ಒಡೆಯನಾದ ಅವನ ಭಾವನೇ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಅಕ್ಕನ ಗಂಡನೆಂಬ ಮರ್ಯಾದೆಯೆಲ್ಲ ಮನೆಯ ಹೊಸ್ತಿಲವರೆಗೆ. ಕ್ಲಬ್ಬಿನ ಕೋಣೆಯಲ್ಲಿ ಇಬ್ಬರೂ ಹಾವು ಮುಂಗುಸಿ.

ಜಗಳವೆಲ್ಲ ಹೊಸ ಆಟಗಾರರನ್ನು ಆರಿಸುವುದರ ಬಗ್ಗೆ. ಗೆಲ್ಲುವ ತಂಡದ ಆಟವನ್ನು ಮೊಣಕೈ ನೋಡುತ್ತಲೇ ಇರಲಿಲ್ಲ. ಸೋಲುತ್ತಿರುವ ತಂಡದಲ್ಲಿ ಒದೆ ತಿಂದು ಬಿದ್ದವನು ಏಳುವುದನ್ನು ನೋಡುತ್ತಿದ್ದ. ರೆಫರಿಯ ಕಡೆ ಕೈಚಾಚಿ ಗೋಳಾಡಿದರೆ ಅವನು ಬೇಡ. ಬಾಯಿಯ ರಕ್ತ ಉಗುಳಿ ಚೆಂಡಿನ ಹಿಂದೆ ಓಡಿದರೆ ಬೇಕು.

“ಗೆಲ್ಲೋವಾಗ ಕತ್ತೇನೂ ಕುದುರೆ ಥರಾನೇ ಕಾಣುತ್ತೆ ಭಾವ,” ಎನ್ನುತ್ತಿದ್ದ.

“ಜನ ಬರೋದು ಗೋಲ್ ನೋಡೋಕೆ ಕಣೋ. ನಿನ್ನ ಪೈಲ್ವಾನರು ರಕ್ತ ಉಗುಳೋದನ್ನ ನೋಡೋಕಲ್ಲ!” ಎಂದು ಭಾವ ಮೇಜು ಗುದ್ದುತ್ತಿದ್ದ.

ಮೊಣಕೈ ಹಾಗೆ ಆರಿಸಿ ತಂದವನು ‘ಗೋಡೆ’ ಎಂಬ ಡಿಫೆಂಡರ್. ಮೂಗು ಮುರಿದು ವಕ್ರವಾಗಿದ್ದರೂ ತಂಡವೆಲ್ಲ ಅವನ ಬೆನ್ನ ಹಿಂದೆ ನೆಮ್ಮದಿಯಾಗಿತ್ತು. ಆ ಬೇಸಿಗೆಯಲ್ಲಿ ಭಾವ ಗುಟ್ಟಾಗಿ ಅವನನ್ನು ಪಕ್ಕದ ಊರಿನ ಕ್ಲಬ್ಬಿಗೆ ಮಾರಿ, ಕೂದಲು ತೀಡಿಕೊಂಡು ಓಡಾಡುವ ಸ್ಟ್ರೈಕರ್ ಒಬ್ಬನನ್ನು ತಂದ. ಗೋಡೆ ಬೂಟುಗಳನ್ನು ಚೀಲಕ್ಕೆ ತುರುಕುತ್ತಿರುವುದನ್ನು ಕಂಡಾಗಲೇ ಮೊಣಕೈಗೆ ವಿಷಯ ತಿಳಿದದ್ದು.

ಅವನು ನೇರ ಮಿಲ್ಲಿಗೆ ಹೋದ. ಗರಗಸದ ಕಿರುಚಾಟದಲ್ಲಿ ಮಾತು ಕೇಳುವಂತಿರಲಿಲ್ಲ. ಮಾತು ಬೇಕಾಗಿಯೂ ಇರಲಿಲ್ಲ. ಭಾವನ ಕೊರಳಪಟ್ಟಿ ಹಿಡಿದು ಹಲಗೆಗಳ ರಾಶಿಯ ಮೇಲೆ ದಬ್ಬಿದ. ಭಾವ ಕೈಗೆ ಸಿಕ್ಕ ಮರದ ರೀಪು ಬೀಸಿದ. ಮೊಣಕೈಯ ಹುಬ್ಬು ಸೀಳಿತು. ಕೆಲಸದವರು ಬಿಡಿಸುವಷ್ಟರಲ್ಲಿ ಭಾವನ ಮುಂದಿನ ಹಲ್ಲೊಂದು ಮರದ ಹೊಟ್ಟಿನಲ್ಲಿ ಬಿದ್ದಿತ್ತು.

ಅಕ್ಕ ಒಂದೇ ಬೋಗುಣಿಯ ನೀರಿನಲ್ಲಿ ಇಬ್ಬರ ಗಾಯವನ್ನೂ ತೊಳೆದಳು. “ಸಾಯೋದಾದ್ರೆ ಒಟ್ಟಿಗೆ ಸಾಯಿರಿ. ನಾನೂ ಒಂದೇ ಸಲ ಅತ್ತು ಮುಗಿಸ್ತೀನಿ,” ಎಂದಳು.

ಹೊಸ ಋತುವಿನ ಮೊದಲ ಪಂದ್ಯವೇ ಗೋಡೆಯ ಹೊಸ ತಂಡದೊಡನೆ. ಗೋಡೆ ಅತ್ತ ಯಾರನ್ನೂ ದಾಟಗೊಡಲಿಲ್ಲ. ಇತ್ತ ಗೋಲಿನ ಮೇಲೆ ಗೋಲು ಬಿತ್ತು. ಪಂದ್ಯ ಮುಗಿಯುತ್ತಲೇ ಜನ ಬೇಲಿ ಮುರಿದು ನುಗ್ಗಿ, ಗೋಡೆಯನ್ನು ಮಾರಿದ ಅಧ್ಯಕ್ಷನನ್ನು ಕುರ್ಚಿಯಿಂದ ಕೆಳಗೆಳೆದರು. ಬಾಟಲಿಗಳು ಹಾರಿದವು. ಭಾವ ಮುದುರಿಕೊಂಡು ಬಿದ್ದಿದ್ದ. ಬೂಟುಗಾಲುಗಳು ಅವನ ಬೆನ್ನು ಹುಡುಕುತ್ತಿದ್ದವು.

ಮೊಣಕೈ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲೇ ನಿಂತ. ‘ಒದೆ ತಿನ್ನಲಿ’ ಅನ್ನಿಸಿತು. ಸತ್ಯ ಹೇಳಬೇಕೆಂದರೆ, ಒಳಗೆಲ್ಲೋ ಹಿತವೂ ಆಯಿತು.

ಅಷ್ಟರಲ್ಲಿ ಯಾರೋ ಅವನನ್ನು ತಳ್ಳಿಕೊಂಡು ಬರಿಗಾಲಲ್ಲಿ ಓಡಿದರು. ಆ ಸ್ಟ್ರೈಕರ್! ಗುಂಪನ್ನು ಸೀಳಿ ಭಾವನ ಮೇಲೆ ಬೋರಲು ಬಿದ್ದ. ಅವನ ತಲೆಯ ಮೇಲೆ ಬಾಟಲಿ ಒಡೆಯಿತು. ಎದ್ದ, ರಕ್ತ ಉಗುಳಿದ, ಮತ್ತೆ ಭಾವನಿಗೆ ಅಡ್ಡ ನಿಂತ. ಇನ್ನೊಂದು ಏಟು ಕಣ್ಣಿಗೇ ಬಿತ್ತು.

ಆಗ ಮೊಣಕೈ ನುಗ್ಗಿದ. ಎದುರಿಗೆ ಬಂದವನೊಬ್ಬನ ದವಡೆ ಅವನ ಕೈಯ ಏಟಿಗೆ ಕಟಕ್ಕನೆ ಮುರಿಯಿತು. ಪೊಲೀಸರು ಬರುವಷ್ಟರಲ್ಲಿ ಅವನ ತೋಳೂ ಮುರಿದಿತ್ತು.

ಆಸ್ಪತ್ರೆಯಲ್ಲಿ ಭಾವ ಪಕ್ಕದ ಮಂಚದಿಂದ ತೊದಲಿದ: “ಈಗ ಹೇಳು, ನನ್ನ ಹುಡುಗ ಹೇಗೆ?”

“ಅಪ್ಪಟ ಗಂಡು. ಆದ್ರೆ ನೀವು ನೋಡಿ ತಂದಿದ್ದು ಅದನ್ನಲ್ಲ.”

“ನೀನೂ ನೋಡಿರಲಿಲ್ಲವಲ್ಲೋ!”

ಮೊಣಕೈ ಕಿಟಕಿಯ ಕಡೆ ಹೊರಳಿದ.

ಸ್ಟ್ರೈಕರ್‌ನ ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ. ಅವನ ಆಟ ಅಲ್ಲಿಗೇ ಮುಗಿಯಿತು. ಮನೆಗೆ ನೋಡಲು ಹೋದ ಮೊಣಕೈಗೆ ಅವನ ಹೆಂಡತಿ ಕುರ್ಚಿ ಕೊಟ್ಟು, ಗಂಡನ ಕಣ್ಣಿನ ಪಟ್ಟಿ ಬದಲಿಸತೊಡಗಿದಳು. ಅವಳೆದುರು ಕೂತಾಗ, ಇಷ್ಟು ವರ್ಷ ಹೊಡೆತ ತಾಳುವವರನ್ನೇ ಹುಡುಕಿ ತಂದ ತಾನು ಆಟಗಾರನೊಬ್ಬನ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು ಎಂದು ಹೊಳೆಯಿತು. ದವಡೆ ಮುರಿದ ಕೇಸಿನಲ್ಲಿ ಅವನು ವಕೀಲನನ್ನೂ ಇಟ್ಟುಕೊಳ್ಳದೆ ಜೈಲಿಗೆ ಹೋದ.

ಬಿಡುಗಡೆಯ ದಿನ ಭಾವ ಗೇಟಿನ ಹೊರಗೆ ಕಾರು ನಿಲ್ಲಿಸಿಕೊಂಡಿದ್ದ. “ಹತ್ತೋ. ಒಂದು ಮ್ಯಾಚಿದೆ, ಹೊಸ ಹುಡುಗರನ್ನ ನೋಡೋಣ.”

“ನೀವೇ ಹೋಗಿ ಬನ್ನಿ ಭಾವ,” ಎಂದು ಮೊಣಕೈ ಬಸ್ಸು ಹತ್ತಿದ.