ಸವಿತಕ್ಕ ಮೈಕ್ ಮುಚ್ಚಿದ ದಿನ

ಇವತ್ತು ಬೆಳಿಗ್ಗೆ ನಮ್ಮ ಆಟದ ಆ್ಯಪ್ ಅಪ್‌ಡೇಟ್ ಆಯಿತು. ತೆರೆದ ಕೂಡಲೇ ಒಂದು ಪ್ರಶ್ನೆ: 'ನಿಂದನೆಯ ಪದಗಳನ್ನು ಮರೆಮಾಡಬೇಕೆ?' ಕೆಳಗೆ ಹೌದು, ಬೇಡ ಎಂಬ ಎರಡು ಗುಂಡಿಗಳು. ಎಷ್ಟು ಸುಲಭ ನೋಡಿ! ನಾವು ನಾಲ್ವರು ಒಂದು ಸಂಜೆ ಫೈನಲ್ ಸೋತು, ಜಗಳವಾಡಿ ಕಲಿತದ್ದನ್ನು ಯಾರೋ ಎರಡು ಗುಂಡಿಗಳಲ್ಲಿ ಮುಗಿಸಿದ್ದಾರೆ. ಹೌದು ಎಂದು ಒತ್ತಿದೆ. ಒತ್ತುವಾಗ ಸವಿತಕ್ಕನ ನೆನಪಾಯಿತು.

ನನಗೆ ದಿನಚರಿಯ ಚಟ. ಆಡಿದ ಪ್ರತಿ ಆಟದ ತಾರೀಖು, ಯಾರು ಎಷ್ಟು ಶತ್ರುಗಳನ್ನು ಉರುಳಿಸಿದರು, ಯಾರು ಮೊದಲು ಸತ್ತರು ಎಂದೆಲ್ಲ ಗೆರೆ ಎಳೆದು ಬರೆದಿಡುತ್ತೇನೆ. ಅದಕ್ಕೇ ತಂಡದಲ್ಲಿ ನನ್ನ ಹೆಸರು ಶಾನುಭೋಗ. ಮೊದಲು ಸಾಯುವವನು ಸಾಮಾನ್ಯವಾಗಿ ನಾನೇ ಆದ್ದರಿಂದ ಆ ಅಂಕಣ ತುಂಬುವುದು ಸುಲಭ.

ನಮ್ಮ ತಂಡದ ನಾಯಕಿ ಸವಿತಕ್ಕ. ಇಸಳೂರಿನ ಹೊಸ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಶಿರಸಿಯ ಔಷಧಿ ಅಂಗಡಿಗೆ ಕೆಲಸಕ್ಕೆ ಬಂದುಹೋಗುವವಳು. ದೂರದ ಶತ್ರುವನ್ನು ಕಂಡುಹಿಡಿದು ಹೊಡೆಯುವ ಗುರಿಕಾರ ಪ್ರಸನ್ನ, ಶಿರಸಿಯವನೇ, ನನ್ನ ಸಹಪಾಠಿ. ನಾಲ್ಕನೆಯವನು ಲೂಯಿಸ್, ಯಲ್ಲಾಪುರದ ಟೈರ್ ಅಂಗಡಿಯಲ್ಲಿ ದುಡಿಯುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ. ಬಿದ್ದವರನ್ನು ಎತ್ತಿ ಬದುಕಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮಾತು ಮಾತ್ರ ಕಡಿಮೆ. ಆಟ ಒಂದು ಆ್ಯಪಿನಲ್ಲಿ, ಮಾತು ಇನ್ನೊಂದರಲ್ಲಿ. ಮಾತಿನ ಕೋಣೆಯ ಕೀಲಿ, ಅಂದರೆ ಯಾರ ಮೈಕನ್ನಾದರೂ ಮುಚ್ಚುವ ಅಧಿಕಾರ, ಸವಿತಕ್ಕನ ಕೈಯಲ್ಲಿತ್ತು.

ಆಟದಲ್ಲಿ ಮೊದಲೂ ಒಂದು ಫಿಲ್ಟರ್ ಇತ್ತು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬೈದು ಬರೆದರೆ ಆ ಪದದ ಜಾಗದಲ್ಲಿ ನಕ್ಷತ್ರ ಸುರಿಸುತ್ತಿತ್ತು. ನಮ್ಮ ಕಡೆಯ ಬೈಗುಳ ಅದಕ್ಕೆ ತಿಳಿಯದು. ಬಾಯಲ್ಲಿ ಆಡಿದ್ದಂತೂ ಕೇಳಿಸುವುದೇ ಇಲ್ಲ.

ಅಕ್ಕಪಕ್ಕದ ತಾಲೂಕುಗಳ ಗೆಳೆಯರೆಲ್ಲ ಸೇರಿ ಒಂದು ಪಂದ್ಯಾವಳಿ ನಡೆಸಿದ್ದರು. ಭಾನುವಾರ ಸಂಜೆ ಫೈನಲ್. ಇನ್ನೇನು ಗೆದ್ದೆವು ಅನ್ನುವಾಗ ಲೂಯಿಸ್ ಒಂದು ಬಾಂಬನ್ನು ತಪ್ಪಾಗಿ ಎಸೆದ. ಪ್ರಸನ್ನ ನಗುತ್ತಲೇ ಅವನ ಮೈಬಣ್ಣ, ಕೂದಲು, ಹುಟ್ಟು ಎಲ್ಲವನ್ನೂ ಸೇರಿಸಿ ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯಲಾರೆ. ಲೂಯಿಸ್ ಉತ್ತರಿಸಲಿಲ್ಲ. ಪರದೆಯ ಮೂಲೆಯಲ್ಲಿ ಅವನು ಟೈಪಿಸಿದ ಒಂದು ಸಾಲು ಬಂತು: 'ಈ ಆಟ ಮುಗಿದ್ಮೇಲೆ ನಾ ಗುಂಪು ಬಿಡ್ತೇನೆ.'

ಮರುಕ್ಷಣ ಪ್ರಸನ್ನನ ದನಿ ಕಡಿಯಿತು. ಸವಿತಕ್ಕ ಅವನ ಮೈಕ್ ಮುಚ್ಚಿದ್ದಳು. ಶತ್ರು ಎಲ್ಲಿದ್ದಾನೆಂದು ಹೇಳಬೇಕಾದವನೇ ಮೂಕನಾದ ಮೇಲೆ ಇನ್ನೇನು? ಸೋತೆವು.

ನಮ್ಮ ಕಡೆ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಆಡುವ ಯಕ್ಷಗಾನ, ಕೇಳಿದವರಿಗೆ ಈ ಕ್ರಮ ಗೊತ್ತು. ಪಾತ್ರಗಳ ಮಾತಾಡುವ ಅರ್ಥಧಾರಿಗಳಿಬ್ಬರು ಎದುರುಬದುರು ಕೂತು ಒಬ್ಬರನ್ನೊಬ್ಬರು ಮಾತಿನಲ್ಲೇ ಹುರಿದು ಮುಕ್ಕುತ್ತಾರೆ. ಕರ್ಣನಾದವನನ್ನು ಏನು ಬೇಕಾದರೂ ಅನ್ನಬಹುದು. ಆದರೆ ಮಾತು ಪಾತ್ರವನ್ನು ಬಿಟ್ಟು ಎದುರು ಕೂತ ಮನುಷ್ಯನ ಮನೆಗೆ ನುಗ್ಗಿತೋ, ಹಾಡುವ ಭಾಗವತರು ಜಾಗಟೆ ಬಡಿದು ಮುಂದಿನ ಪದ ಎತ್ತಿಬಿಡುತ್ತಾರೆ. ಚರ್ಚೆಯಿಲ್ಲ, ಬುದ್ಧಿವಾದವಿಲ್ಲ. ಅಪ್ಪನ ಪಕ್ಕ ಕೂತು ಇದನ್ನೆಲ್ಲ ಕೇಳಿ ಬೆಳೆದವಳು ಸವಿತಕ್ಕ.

ಆಟ ಮುಗಿದ ಮೇಲೆ ಪ್ರಸನ್ನನ ಮೈಕ್ ತೆರೆದಳು.

"ಗೆಲ್ಲೋ ಆಟ ಹಾಳಾತಲೇ ಅಕ್ಕಾ!" ಪ್ರಸನ್ನ ಕೂಗಿದ. "ತಮಾಷಿಗೆ ಹೇಳಿದ್ದು ಅಷ್ಟೆಯಾ. ಬೈಗುಳ ಇಲ್ದೆ ಆಟ ಎಂತದು? ಲೂಯಿಸಂಗೆ ಎಂತ ಬೇಜಾರೂ ಇಲ್ಲೆ."

"ಬೇಜಾರಿಲ್ಲೆ ಹೇಳಿ ಅವ ಹೇಳಿದ್ನ, ನೀನೇ ಹೇಳ್ತಾ ಇದ್ಯ?" ಸವಿತಕ್ಕ ಕೇಳಿದಳು.

ಆಗ ಲೂಯಿಸನ ದನಿ ಬಂತು.

"ಬೇಜಾರದೆ. ಶಾಲೆಗೆ ಹೋಗುವಾಗಿಂದ ಅದನ್ನೇ ಕೇಳಿದ್ದು ನಾನು. ಇಲ್ಲಿ ಮುಖ ಕಾಣೂದಿಲ್ಲ, ಇಲ್ಲಾದ್ರೂ ಇರೂದಿಲ್ಲ ಅಂದ್ಕೊಂಡಿದ್ದೆ."

ಅಷ್ಟು ದಿನದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ. ಸವಿತಕ್ಕ ಸಮಾಧಾನ ಹೇಳಲು ಹೋಗಲಿಲ್ಲ. "ನಾಳೆ ಆರು ಗಂಟೆಗೆ ಆಟ ಇದ್ದು, ಬಾ ತಮಾ" ಎಂದಳು, ಅಷ್ಟೇ. ಗೆಲ್ಲುವ ಆಟವನ್ನು ಕೈಯಾರೆ ಬಿಟ್ಟುಕೊಟ್ಟವಳು ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲವಲ್ಲ, ಅದು ನನಗೆ ಇವತ್ತಿಗೂ ಬೆರಗು.

ಮರುದಿನ ಲೂಯಿಸ್ ಬಂದ. ಪ್ರಸನ್ನ ಬರಲಿಲ್ಲ, ಕೆಲವು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೊಂದು ಸಂಜೆ ಬಂದು, "ತಪ್ಪಾತು ಮಾರಾಯ" ಎಂದ. ಲೂಯಿಸ್, "ಮೊದ್ಲು ನನ್ನ ಹಿಂದೆ ಅಡಗಿಕೋ, ಗುಂಡು ಬರ್ತಾ ಅದೆ" ಎಂದ.

ಈಗ ಯಾರಾದರೂ ಕೇಳಿದರೆ, ಫಿಲ್ಟರ್ ಬೇಕು ಎನ್ನುತ್ತೇನೆ, ನಿಷೇಧವೂ ಬೇಕು. ಆದರೆ ಯಂತ್ರಕ್ಕೆ ಪದ ಗೊತ್ತಾಗಬಹುದು, ಸುಮ್ಮನಾದವನು ಗೊತ್ತಾಗುವುದಿಲ್ಲ. ಅದಕ್ಕೊಬ್ಬ ಸವಿತಕ್ಕ ಬೇಕು. ಬೈಗುಳ ಹೋದರೆ ಆಟದ ರುಚಿ ಹೋಗುತ್ತದೆ ಎನ್ನುವವರು ಒಂದು ಸಂಜೆ ನಮ್ಮ ಜೊತೆ ಕೂರಬೇಕು. ಇವತ್ತು ಸಂಜೆ ಆಟದಲ್ಲಿ ಜೀಪು ಓಡಿಸುತ್ತಿದ್ದವನು ನಾನು. ತಿರುವಿನಲ್ಲಿ ಸೀದಾ ಹೊಳೆಗಿಳಿಸಿದೆ.

"ಶಾನುಭೋಗ್ರೇ, ಬರ್ಕೊಳ್ಳಿ!" ಲೂಯಿಸ್ ಶುರುಮಾಡಿದ. "ಅರಬೈಲ್ ಘಟ್ಟದಲ್ಲಿ ಬ್ರೇಕ್ ಹೋದ ಲಾರಿಯೂ ಇದಕ್ಕಿಂತ ಚಂದ ಇಳೀತದೆ. ನಿಮಗೆ ಲೈಸೆನ್ಸ್ ಕೊಟ್ಟವ್ರನ್ನ ಒಂದ್ಸಲ ನೋಡ್ಬೇಕಿತ್ತು."

ಪ್ರಸನ್ನ ಬಿದ್ದು ಬಿದ್ದು ನಕ್ಕ. ಸವಿತಕ್ಕನೂ.

"ಅಕ್ಕಾ, ಇವನ ಮೈಕ್ ಒಂದು ಮುಚ್ಚು" ಎಂದೆ.

"ಮುಚ್ಸಿ, ಮುಚ್ಸಿ," ಎಂದ ಲೂಯಿಸ್. "ಟೈರ್ ಅಂಗಡಿ ಬಾಗಿಲಲ್ಲಿ ನಿಂತು ಕೂಗ್ತೇನೆ. ಶಿರಸಿವರೆಗೂ ಕೇಳ್ತದೆ."